ಮಾರ್ಚ್-ಏಪ್ರಿಲ್‌ನಲ್ಲಿ ಹೊರದೇಶ: ಜಪಾನ್, ಹಾಲೆಂಡ್, ಉಜ್ಬೇಕಿಸ್ತಾನ, ನೇಪಾಳ – ಕಾಸರಗೋಡಿನವರಿಗೆ ಯಾವುದು ಸರಿ?

ಮಾರ್ಚ್ ಬಂತೆಂದರೆ ನಮ್ಮಲ್ಲಿ ಸೆಕೆ. ರಾತ್ರಿ ಫ್ಯಾನ್ ತಿರುಗುತ್ತಿದ್ದರೂ ದಿಂಬು ಒದ್ದೆ. ಸರಿಯಾಗಿ ಅದೇ ಹೊತ್ತಿಗೆ ಫೋನಿಗೆ ಜಪಾನಿನ ಚೆರ್ರಿ ಹೂವು, ಹಾಲೆಂಡಿನ ಟ್ಯುಲಿಪ್ ಹೊಲ ಎಲ್ಲ ಬಂದು ಬೀಳುತ್ತವೆ. ಈ ಸಲ ನಾವೂ ಹೋಗೋಣ ಅಂತ ಮನೆಯಲ್ಲಿ ಮಾತು ಏಳುತ್ತದೆ. ಹೋಗಿ, ಖಂಡಿತ ಹೋಗಿ. ಆದರೆ ಚಿತ್ರ ನೋಡಿ ದೇಶ ಆರಿಸಬೇಡಿ. ನಿಮಗೆ ರಜೆ ಸಿಗುವುದು ಯಾವ ವಾರ, ಜೊತೆಗೆ ಬರುವವರು ಯಾರು, ಇವೆರಡನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಆಮೇಲೆ ದೇಶ ಆರಿಸುವುದು ಕಷ್ಟವಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ವಸಂತದ ಮೊದಲ ದಿನಗಳಲ್ಲಿ ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುವುದಿಲ್ಲ. ಮಾರ್ಚ್ 10ಕ್ಕೆ ಟೋಕಿಯೋದಲ್ಲಿ ಇಳಿದರೆ ಸಿಗುವುದು ಬೋಳು ಕೊಂಬೆ. ಮಾರ್ಚ್ 30ಕ್ಕೆ ಇಳಿದರೆ ಅದೇ ಕೊಂಬೆಯ ತುಂಬ ಹೂವು. ಟಿಕೆಟಿನ ದುಡ್ಡು ಮಾತ್ರ ಎರಡಕ್ಕೂ ಕೊಡಲೇಬೇಕು.

ನಮ್ಮ ಕಡೆಯವರ ರಜೆಗೂ ಅದರದ್ದೇ ಲೆಕ್ಕ ಇದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಮಾರ್ಚ್ ಪೂರ್ತಿ ಪರೀಕ್ಷೆ. ಕೇರಳದ ಶಾಲೆಗಳು ಮುಚ್ಚುವುದೇ ತಿಂಗಳ ಕೊನೆಗೆ, ಹಾಗಾಗಿ ಏಪ್ರಿಲ್ ಮೊದಲ ವಾರಕ್ಕಿಂತ ಮುಂಚೆ ಹೊರಡಲು ಆಗುವುದಿಲ್ಲ. ಅಡಿಕೆ ತೋಟ ಇರುವವರಿಗೆ ಇದು ನೀರು ಬಿಡುವ ಕಾಲ. ಸ್ಪ್ರಿಂಕ್ಲರ್ ತಿರುಗಿಸಲು, ಪಂಪು ಹೋದರೆ ನೋಡಿಕೊಳ್ಳಲು ನಂಬುವ ಜನ ಸಿಗದೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಎಷ್ಟೋ ಮಂದಿ ಹತ್ತು ದಿನ ಮನೆ ಬಿಡುವುದೇ ಇಲ್ಲ. ಅವರಿಗೆ ಐದಾರು ದಿನದ ಪ್ರವಾಸವೇ ಸರಿ. ಐದಾರು ದಿನಕ್ಕೆ ಜಪಾನ್ ಬೇಡ, ಹೋಗಿ ಬರುವುದರಲ್ಲೇ ಎರಡು ದಿನ ಹೋಗುತ್ತದೆ.

ಚಳಿಯ ವಿಷಯ ಮೊದಲು

ಮಾರ್ಚ್‌ನಲ್ಲಿ ಟೋಕಿಯೋದ ಹಗಲು ಸುಮಾರು 14 ಡಿಗ್ರಿ, ರಾತ್ರಿ 5. ಆಮ್‌ಸ್ಟರ್‌ಡ್ಯಾಮ್ ಹಗಲು 9-10, ರಾತ್ರಿ 2-3. ಉಜ್ಬೇಕಿಸ್ತಾನದ ಸಮರ್‌ಕಂದ್ ಹೆಚ್ಚುಕಡಿಮೆ ಟೋಕಿಯೋದ ಹಾಗೆ. ಕಠ್ಮಂಡು ಹಗಲು 25ರ ಹತ್ತಿರ, ರಾತ್ರಿ 8-9. 14 ಅಂದರೆ ಮಡಿಕೇರಿಯ ಚಳಿ ಅಲ್ವಾ, ಒಂದು ಸ್ವೆಟರ್ ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಆ 14 ಇರುವುದು ಮಧ್ಯಾಹ್ನ ಒಂದೆರಡು ಗಂಟೆ ಮಾತ್ರ. ನೀವು ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ರೂಮಿಗೆ ಬರುವವರು, ಆ ಹೊತ್ತಿನ ಚಳಿ ಬೇರೆ. ಹಾಲೆಂಡಿನಲ್ಲಂತೂ ಗಾಳಿ. ಅಲ್ಲಿ ಬೆಟ್ಟ ಇಲ್ಲ, ಸಮುದ್ರದಿಂದ ಎದ್ದ ಗಾಳಿಗೆ ಅಡ್ಡ ಏನೂ ಇಲ್ಲ, ಜೊತೆಗೆ ಹನಿ ಮಳೆ. ನಮ್ಮ ಕೊಡೆ ಅಲ್ಲಿ ನಿಲ್ಲುವುದಿಲ್ಲ, ಮಡಚಿಕೊಂಡು ಮೇಲಕ್ಕೆ ತಿರುಗುತ್ತದೆ. ಟೋಪಿ ಇರುವ ಮಳೆ ಜಾಕೆಟ್ ಬೇಕು.

ಒಂದೇ ದಪ್ಪ ಕೋಟು ತೆಗೆದುಕೊಳ್ಳುವ ಬದಲು ತೆಳು ತೆಳುವಾಗಿ ಮೂರು ಪದರ ಹಾಕಿ. ಒಳಗೆ ಥರ್ಮಲ್, ನಡುವೆ ಉಣ್ಣೆಯದ್ದು, ಮೇಲೆ ಗಾಳಿ ತಡೆಯುವ ಜಾಕೆಟ್. ಅಲ್ಲಿ ರೈಲಿನೊಳಗೆ, ಅಂಗಡಿಯೊಳಗೆ ಹೀಟರ್ ಉರಿಯುತ್ತಿರುತ್ತದೆ, ಹೊರಗೆ ನಡುಕ. ಹಾಕುವುದು, ತೆಗೆಯುವುದು ದಿನಕ್ಕೆ ಹತ್ತು ಸಲ ಆಗುತ್ತದೆ. ಸೀರೆ ಉಡುವವರಿಗೂ ತೊಂದರೆ ಇಲ್ಲ, ಲಂಗದೊಳಗೆ ಥರ್ಮಲ್ ಪ್ಯಾಂಟ್ ಹಾಕಿದರೆ ಸಾಕು, ಹೊರಗೆ ಕಾಣುವುದೂ ಇಲ್ಲ. ಚಪ್ಪಲಿ ಮಾತ್ರ ಬೇಡವೇ ಬೇಡ. ನೀರು ಇಳಿಯದ ಶೂ ತೆಗೆದುಕೊಂಡು ಹೊರಡುವ ಮುಂಚೆ ಎರಡು ವಾರ ಮನೆಯ ಸುತ್ತ ಹಾಕಿ ನಡೆಯಿರಿ. ಚಪ್ಪಲಿ ಹಾಕಿ ಅಭ್ಯಾಸ ಆದ ಕಾಲಿಗೆ ಹೊಸ ಶೂ ಮೊದಲ ದಿನವೇ ಗುಳ್ಳೆ ಎಬ್ಬಿಸುತ್ತದೆ.

ಇನ್ನೊಂದು ಸಣ್ಣ ವಿಷಯ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಊರಲ್ಲಿ ಹೆಚ್ಚಾಗಿ ನೀರಾಗಿಯೇ ಇರುವುದರಿಂದ ಯಾರಿಗೂ ನೆನಪಾಗುವುದಿಲ್ಲ. ಸಪೂರ ಬಾಯಿಯ ಬಾಟಲಿಯಲ್ಲಿ ಒಯ್ದರೆ ಅಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತುಬಿಡುತ್ತದೆ, ಎಷ್ಟು ಕುಲುಕಿದರೂ ಒಂದು ಹನಿ ಬರುವುದಿಲ್ಲ. ಅಗಲ ಬಾಯಿಯ ಸಣ್ಣ ಡಬ್ಬಿಯಲ್ಲಿ ಒಯ್ಯಿರಿ, ಬೆರಳಲ್ಲಿ ತೆಗೆಯಬಹುದು. ಒಡೆದ ತುಟಿಗೆ, ಒಣಗಿ ಬಿಳಿಚಿದ ಕೈಕಾಲಿಗೆ ಅದು ಬೇಕೇ ಬೇಕು. ನಮ್ಮ ತೇವದ ಹವೆಗೆ ಒಗ್ಗಿದ ಚರ್ಮಕ್ಕೆ ಅಲ್ಲಿಯ ಒಣಗಾಳಿ ತಡೆಯುವುದಿಲ್ಲ.

ಜಪಾನ್

ಮಾರ್ಚ್ 25ರಿಂದ ಏಪ್ರಿಲ್ 8ರ ನಡುವೆ ರಜೆ ಸಿಗುತ್ತದೆ, ಕೈಯಲ್ಲಿ ದುಡ್ಡಿದೆ, ನಡೆಯುವ ಕಾಲಿದೆ ಅಂತಾದರೆ ಕಣ್ಣು ಮುಚ್ಚಿ ಜಪಾನ್ ಅನ್ನಿ. ಟೋಕಿಯೋದಲ್ಲಿ ಸರಾಸರಿ ಮಾರ್ಚ್ 24ರ ಸುಮಾರಿಗೆ ಹೂವು ಬಿಡಲು ಶುರು, ಒಂದು ವಾರಕ್ಕೆ ಪೂರ್ತಿ ಅರಳುತ್ತದೆ. ಕ್ಯೋಟೋ ಒಂದೆರಡು ದಿನ ಹಿಂದೆಮುಂದೆ. ಇದನ್ನು ಅವರು ಲೆಕ್ಕ ಇಡುವ ರೀತಿ ನನಗೆ ತುಂಬ ಇಷ್ಟ. ಹವಾಮಾನ ಇಲಾಖೆಯವರು ಒಂದು ಗುರುತಿನ ಮರ ಇಟ್ಟುಕೊಂಡಿರುತ್ತಾರೆ, ಟೋಕಿಯೋದಲ್ಲಿ ಅದು ಯಾಸುಕುನಿ ದೇಗುಲದ ಅಂಗಳದಲ್ಲಿದೆ. ಆ ಮರದಲ್ಲಿ ಐದಾರು ಹೂವು ಬಿಟ್ಟರೆ ಹೂವು ಶುರುವಾಯಿತು ಅಂತ ಸಾರುತ್ತಾರೆ. ನೂರಕ್ಕೆ ಎಂಬತ್ತು ಮೊಗ್ಗು ಬಿರಿದರೆ ಪೂರ್ತಿ ಅರಳಿತು ಅಂತ. ಕ್ಯೋಟೋದಲ್ಲಿ ಹೂವು ಅರಳಿದ ದಿನದ ದಾಖಲೆ ಒಂಬತ್ತನೇ ಶತಮಾನದಿಂದ ಸಿಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಅರಳಿತು, 1200 ವರ್ಷದ ಲೆಕ್ಕದಲ್ಲಿ ಅದುವರೆಗೆ ಅಷ್ಟು ಬೇಗ ಅರಳಿರಲಿಲ್ಲ. ಸೆಕೆ ಏರುತ್ತಿದ್ದಂತೆ ಅರಳುವ ದಿನ ಮೊದಲಿಗಿಂತ ಬೇಗ ಬರುತ್ತಿದೆ. ಹಾಗಾಗಿ ಹತ್ತು ವರ್ಷ ಹಳೆಯ ಸಲಹೆ ನಂಬಿ ಏಪ್ರಿಲ್ 10ಕ್ಕೆ ಬುಕ್ ಮಾಡಬೇಡಿ. ಒಂದು ಜೋರು ಮಳೆ ಬಿದ್ದರೆ ಹೂವೆಲ್ಲ ನೆಲಕ್ಕೆ.

ಮಾರ್ಚ್ ಮೊದಲ ವಾರವೇ ರಜೆ ಅಂದರೂ ದಾರಿ ಇದೆ. ಟೋಕಿಯೋದ ದಕ್ಷಿಣಕ್ಕೆ ಇಜು ಕಡೆ ಕವಾಜು ಎಂಬ ಊರಿನ ಚೆರ್ರಿ ಫೆಬ್ರವರಿಯಲ್ಲೇ ಬಿಟ್ಟು ಮಾರ್ಚ್ ಮೊದಲವರೆಗೆ ಇರುತ್ತದೆ, ಬಣ್ಣವೂ ಗಾಢ. ಏಪ್ರಿಲ್ ಕೊನೆಗೆ ಹೋಗುವವರು ಉತ್ತರದ ಹಿರೊಸಾಕಿಗೆ ಹೋಗಲಿ. ಆದರೆ ಏಪ್ರಿಲ್ ಕೊನೆಯ ದಿನಗಳಿಂದ ಮೇ ಮೊದಲ ವಾರದವರೆಗೆ ಜಪಾನಿನವರಿಗೇ ಸಾಲು ರಜೆ. ರೈಲು, ಹೋಟೆಲ್ ಎಲ್ಲ ತುಂಬಿ ತುಳುಕುತ್ತದೆ.

ಜಪಾನಿನ ತೊಂದರೆ ಎರಡು. ಒಂದು, ಉಸಿರಾಟದ ತೊಂದರೆ ಇದ್ದವರಿಗೆ ಆಗದು. ಯುದ್ಧದ ನಂತರ ಮರಕ್ಕಾಗಿ ಗುಡ್ಡಗುಡ್ಡವೇ ಸುಗಿ ಎಂಬ ದೇವದಾರಿನಂಥ ಮರ ನೆಟ್ಟರು, ಈಗ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅದರ ಹೂಪುಡಿ ಗಾಳಿಯಲ್ಲಿ ತುಂಬಿರುತ್ತದೆ. ಅಲ್ಲಿಯವರೇ ಮಾಸ್ಕ್ ಹಾಕಿಕೊಂಡು ಮೂಗು ಒರೆಸುತ್ತ ಓಡಾಡುತ್ತಾರೆ. ಎರಡನೆಯದು ಊಟ. ಮೀನು ತಿನ್ನುವವರಿಗೆ ಜಪಾನ್ ಸ್ವರ್ಗ, ಅನ್ನ, ಮೀನು, ಉಪ್ಪಿನಲ್ಲಿ ಹಾಕಿದ ತರಕಾರಿ, ನಮ್ಮ ಕರಾವಳಿಯವರಿಗೆ ಎರಡೇ ದಿನದಲ್ಲಿ ಒಗ್ಗುತ್ತದೆ. ಸಸ್ಯಾಹಾರಿಗಳಿಗೆ ಮಾತ್ರ ಕಷ್ಟ. ಒಣಮೀನಿನ ಸಾರು ಅವರ ಅಡುಗೆಯ ಬುಡ. ತರಕಾರಿ ಮಾತ್ರ ಹಾಕಿದ ನೂಡಲ್ಸಿನ ಸಾರಿನಲ್ಲೂ, ಮಿಸೋ ಸೂಪಿನಲ್ಲೂ ಅದು ಇರುತ್ತದೆ. ಕ್ಯೋಟೋದ ಮತ್ತು ಕೋಯಾ ಬೆಟ್ಟದ ಬೌದ್ಧ ಮಠಗಳಲ್ಲಿ ಮೀನು-ಮಾಂಸ ಇಲ್ಲದ ಊಟ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ, ದುಬಾರಿ. ಹವ್ಯಕ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಸಣ್ಣ ಅಡುಗೆಮನೆ ಇರುವ ರೂಮು ಹಿಡಿಯಿರಿ. ಅಕ್ಕಿ ಎಲ್ಲ ಅಂಗಡಿಯಲ್ಲೂ ಇದೆ, ಸ್ವಲ್ಪ ಅಂಟು, ಗಂಜಿಗೆ ಬಹಳ ಒಳ್ಳೆಯದು.

ದುಡ್ಡಿನ ಬಗ್ಗೆ ಒಂದೇ ಮಾತು. ಜಪಾನಿನ ರೈಲು ಪಾಸ್ ತೆಗೆದುಕೊಂಡರೆ ಲಾಭ ಅಂತ ಹಳಬರು ಹೇಳುತ್ತಾರೆ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೋ-ಕ್ಯೋಟೋ ಹೋಗಿ ಬರುವವರಿಗೆ ಬಿಡಿ ಟಿಕೆಟೇ ಅಗ್ಗ.

ಹಾಲೆಂಡ್

ಮಕ್ಕಳ ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಹೊರಡುವ ಮನೆಗಳಿಗೆ ನನ್ನ ಓಟು ಹಾಲೆಂಡಿಗೆ. ಲಿಸ್ಸೆ ಊರಿನ ಕೊಯಿಕನ್‌ಹೋಫ್ ತೋಟ ಮಾರ್ಚ್ ಮೂರನೇ ವಾರಕ್ಕೆ ತೆರೆದು ಮೇ ಎರಡನೇ ವಾರದ ಹೊತ್ತಿಗೆ ಮುಚ್ಚುತ್ತದೆ. 32 ಹೆಕ್ಟೇರ್, ಪ್ರತಿ ವರ್ಷ ಸುಮಾರು 70 ಲಕ್ಷ ಗೆಡ್ಡೆ ಕೈಯಲ್ಲೇ ನೆಡುತ್ತಾರೆ. ಆದರೆ ತೆರೆದ ಮೊದಲ ವಾರ ಹೋದರೆ ಹೊರಗಿನ ಮಡಿಗಳಲ್ಲಿ ಇರುವುದು ಕ್ರೋಕಸ್, ಡ್ಯಾಫೊಡಿಲ್‌ನಂಥ ಸಣ್ಣ ಹೂಗಳು, ಟ್ಯುಲಿಪ್ ನೋಡಬೇಕಾದರೆ ಗಾಜಿನ ಮನೆಯೊಳಗೇ ಹೋಗಬೇಕು. ಟ್ಯುಲಿಪ್ ಹೊರಗೆ ರಾಶಿ ಬೀಳುವುದು ಏಪ್ರಿಲ್ ನಡುವಿಗೆ. ತೋಟದ ಹೊರಗಿನ ಹೊಲಗಳ ಪಟ್ಟೆಪಟ್ಟೆ ಬಣ್ಣ ಕೂಡ ಆಗಲೇ. ಅಂದರೆ ಏಪ್ರಿಲ್ ನಡುವೆ ಬರುವ ಬಿಸು ಹಬ್ಬ ಮನೆಯಲ್ಲಿ ಮುಗಿಸಿ ಮರುದಿನ ಹೊರಟರೂ ಸರಿಯಾದ ಹೊತ್ತಿಗೆ ಮುಟ್ಟುತ್ತೀರಿ. ಟಿಕೆಟಿಗೆ ಹೊತ್ತು ಗೊತ್ತು ಮಾಡಿ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದಿಡಿ, ವಾರದ ನಡುವಿನ ದಿನ ಬೆಳಿಗ್ಗೆ ಒಳ್ಳೆಯದು. ಏಪ್ರಿಲ್ 27 ಅವರ ರಾಜನ ದಿನ, ಆಮ್‌ಸ್ಟರ್‌ಡ್ಯಾಮ್ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಅವತ್ತು ಬೇರೆ ಊರಲ್ಲಿರಿ.

ಊಟದ ಚಿಂತೆ ಇಲ್ಲಿ ಕಡಿಮೆ. ಹೇಗ್ ನಗರದಲ್ಲಿ ಸುರಿನಾಮ್‌ನಿಂದ ಬಂದ ಭಾರತ ಮೂಲದವರು ತುಂಬ ಜನ ಇದ್ದಾರೆ. 1873ರಿಂದ ಕಬ್ಬಿನ ತೋಟಕ್ಕೆ ಕೂಲಿಗೆಂದು ಉತ್ತರ ಭಾರತದಿಂದ ಸುರಿನಾಮ್‌ಗೆ ಹಡಗು ಹತ್ತಿದವರ ಮಕ್ಕಳು, ಮೊಮ್ಮಕ್ಕಳು. ಅವರ ಅಂಗಡಿಗಳಲ್ಲಿ ರೊಟ್ಟಿ, ಆಲೂಗಡ್ಡೆ, ಅಲಸಂಡೆ ಪಲ್ಯ ಬಿಸಿಬಿಸಿ ಸಿಗುತ್ತದೆ. ಮಾಂಸ ಬೇಡ ಅಂದರೆ ಹಾಗೆಯೇ ಕೊಡುತ್ತಾರೆ.

ಒಂದೇ ಸಮಸ್ಯೆ, ಖರ್ಚು. ನಾಲ್ಕರಲ್ಲಿ ವೀಸಾಕ್ಕೇ ಅತಿ ಜಾಸ್ತಿ ಆಗುವುದು ಇಲ್ಲಿ. ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ, ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಅದರ ಮೇಲೆ ವೀಸಾ ಕೇಂದ್ರದ ಚಾರ್ಜು, 30,000 ಯೂರೋಗೆ ಕಡಿಮೆ ಇಲ್ಲದ ಪ್ರವಾಸ ವಿಮೆ. ವೀಸಾ ಸಿಗದಿದ್ದರೂ ಅರ್ಜಿಗೆ ಕಟ್ಟಿದ ದುಡ್ಡು ವಾಪಸಿಲ್ಲ.

ಉಜ್ಬೇಕಿಸ್ತಾನ

ಇದನ್ನು ನಮ್ಮವರು ಯೋಚಿಸುವುದೇ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದಿಲ್ಲಿಯಿಂದ ತಾಷ್ಕೆಂಟಿಗೆ ಮೂರು ಗಂಟೆ ಚಿಲ್ಲರೆ, ಇ-ವೀಸಾ 20 ಡಾಲರ್, ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಗಡಿಯಾರ ನಮಗಿಂತ ಅರ್ಧ ಗಂಟೆ ಮಾತ್ರ ಹಿಂದೆ, ನಿದ್ದೆ ಕೆಡುವುದಿಲ್ಲ. ತಾಷ್ಕೆಂಟಿನಿಂದ ಸಮರ್‌ಕಂದಕ್ಕೆ ಅಫ್ರೋಸಿಯೋಬ್ ಎಂಬ ವೇಗದ ರೈಲು ಎರಡು ಗಂಟೆ ಸುಮಾರಿಗೆ ಮುಟ್ಟಿಸುತ್ತದೆ. ಅದರ ಟಿಕೆಟ್ ಮಾತ್ರ ಬೇಗ ಮುಗಿಯುತ್ತದೆ, ಕೌಂಟರ್ ತೆರೆದ ಕೂಡಲೇ ತೆಗೆಯಿರಿ.

ಹೋಗಲು ಒಳ್ಳೆಯ ದಿನ ಮಾರ್ಚ್ 21ರ ಆಸುಪಾಸು. ಅವತ್ತು ನವ್ರೂಜ್, ಅವರ ಹೊಸ ವರ್ಷ. ಹಿಂದಿನ ರಾತ್ರಿಯಿಡೀ ಹೆಂಗಸರು ದೊಡ್ಡ ಕಡಾಯಿಯ ಸುತ್ತ ನಿಂತು ಸುಮಲಕ್ ಕದಡುತ್ತಾರೆ. ಮೊಳಕೆ ಗೋಧಿಯ ರಸ, ಹಿಟ್ಟು, ಎಣ್ಣೆ ಇಷ್ಟೇ, ಸಕ್ಕರೆ ಒಂದು ಚಮಚವೂ ಹಾಕುವುದಿಲ್ಲ, ಬೆಂದು ಬೆಂದು ತಾನೇ ಸಿಹಿಯಾಗಿ ಕಂದು ಬಣ್ಣಕ್ಕೆ ಬರುತ್ತದೆ. ತಳ ಹಿಡಿಯದಿರಲಿ ಅಂತ ಒಳಗೆ ನುಣುಪು ಕಲ್ಲುಗಳನ್ನು ಹಾಕಿರುತ್ತಾರೆ. ಬೆಳಿಗ್ಗೆ ಬಟ್ಟಲಿಗೆ ಬಡಿಸುವಾಗ ಯಾರ ಪಾಲಿಗೆ ಕಲ್ಲು ಬಂತೋ ಅವರು ಏನಾದರೂ ಬೇಡಿಕೊಳ್ಳಬೇಕು, ಅದು ಈಡೇರುತ್ತದೆ ಅಂತ ನಂಬಿಕೆ. ಪರದೇಶದವರು ಪಕ್ಕ ನಿಂತರೂ ಕೈಗೆ ಸೌಟು ಕೊಟ್ಟು ಕದಡಿ ಅನ್ನುತ್ತಾರೆ. ಇಂಥದ್ದು ಹೂವಿನ ತೋಟದಲ್ಲಿ ಸಿಗುವುದಿಲ್ಲ.

ಮಾರ್ಚ್ ಅಲ್ಲಿ ಮಳೆಯ ತಿಂಗಳು ಕೂಡ, ಎರಡು ದಿನ ಒದ್ದೆಯಾಗಲು ತಯಾರಿರಿ. ಸಸ್ಯಾಹಾರಿಗಳಿಗೆ ಬಿಸಿ ನಾನ್, ಸೊಪ್ಪು, ಅಕ್ರೋಟು, ಒಣ ಜರ್ದಾಳು, ಸಿಹಿಗುಂಬಳ ತುಂಬಿದ ಸಂಸಾ (ನಮ್ಮ ಸಮೋಸದಂಥದ್ದು) ಸಿಗುತ್ತದೆ. ವಸಂತದಲ್ಲಿ ಮಾತ್ರ ಎಳೆ ಸೊಪ್ಪು ತುಂಬಿದ ಹಸಿರು ಸಂಸಾ ಮಾಡುತ್ತಾರೆ, ಬಿಡಬೇಡಿ. ಆದರೆ ಕೆಲವರು ಕುರಿಯ ಕೊಬ್ಬು ಸೇರಿಸುತ್ತಾರೆ, ಕೇಳಿಯೇ ತಿನ್ನಿ. ರಂಜಾನ್ ತಿಂಗಳೂ ನೋಡಿಕೊಳ್ಳಿ. 2027ರಲ್ಲಿ ಅದು ಮಾರ್ಚ್ ಎರಡನೇ ವಾರಕ್ಕೇ ಮುಗಿಯುವುದರಿಂದ ನವ್ರೂಜ್ ಹೊತ್ತಿಗೆ ಹಗಲು ಹೋಟೆಲ್ ಹುಡುಕುವ ಪಾಡಿಲ್ಲ.

ನೇಪಾಳ

ಅಪ್ಪ-ಅಮ್ಮನನ್ನು ಮೊದಲ ಸಲ ಹೊರದೇಶಕ್ಕೆ ಕರೆದುಕೊಂಡು ಹೋಗುವವರಿಗೆ ಇದೇ. ವೀಸಾ ಇಲ್ಲ. ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. ಆಧಾರ್ ಮಾತ್ರ ಹಿಡಿದುಕೊಂಡು ಹೋಗಬೇಡಿ, 15ರಿಂದ 65 ವರ್ಷದವರಿಗೆ ಅದು ನಡೆಯುವುದಿಲ್ಲ. ದಾಲ್-ಭಾತ್ ಎಲ್ಲ ಕಡೆ ಇದೆ, ಅನ್ನ, ಬೇಳೆ, ಪಲ್ಯ ಕೇಳಿದಷ್ಟು ಬಡಿಸುತ್ತಾರೆ. ಪಶುಪತಿನಾಥನ ಪೂಜೆ ಮಾಡುವ ಭಟ್ಟರು ಹಿಂದಿನಿಂದಲೂ ದಕ್ಷಿಣದವರು, ಕರ್ನಾಟಕದಿಂದ ಹೋದವರು. ಅಷ್ಟು ದೂರದಲ್ಲಿ ಗರ್ಭಗುಡಿಯ ಹತ್ತಿರ ಕನ್ನಡ ಕಿವಿಗೆ ಬಿದ್ದರೆ ಹಿರಿಯರ ಮುಖ ನೋಡಬೇಕು.

ಹೂವೂ ಇದೆ. ಲಾಲಿಗುರಾಸ್ ಅವರ ರಾಷ್ಟ್ರೀಯ ಹೂವು, ಮಾರ್ಚ್-ಏಪ್ರಿಲ್‌ನಲ್ಲಿ ಗುಡ್ಡದ ಕಾಡು ಕೆಂಪಾಗುತ್ತದೆ. ಕಾಲು ಗಟ್ಟಿ ಇದ್ದವರು ಪೋಖರಾ ಕಡೆಯಿಂದ ಘೋರೆಪಾನಿಗೆ ನಡೆದು 3,210 ಮೀಟರ್ ಎತ್ತರದ ಪೂನ್ ಹಿಲ್ ಹತ್ತಬಹುದು. ಮಂಡಿ ನೋವಿನವರಿಗೆ ಕಠ್ಮಂಡು ಪಕ್ಕದ ಚಂದ್ರಗಿರಿಗೆ ಕೇಬಲ್ ಕಾರ್ ಇದೆ.

ಆದರೆ ಹಿಮಾಲಯ ಸ್ಪಷ್ಟವಾಗಿ ಕಾಣುತ್ತದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಮಾರ್ಚ್ ನಡುವಿನಿಂದ ಕಾಡ್ಗಿಚ್ಚಿನ ಹೊಗೆ, ಧೂಳು ಸೇರಿ ಕಣಿವೆ ಮಬ್ಬಾಗುತ್ತದೆ, ಕಠ್ಮಂಡುವಿನ ಗಾಳಿ ಬಹಳ ಕೆಡುತ್ತದೆ. ಬೆಟ್ಟ ನೋಡುವುದೇ ಮುಖ್ಯ ಅಂತಾದರೆ ಅಕ್ಟೋಬರ್-ನವೆಂಬರ್‌ಗೆ ಹೋಗಿ. ಆಸ್ತಮಾ ಇದ್ದವರಿಗೆ ಮಾರ್ಚ್‌ನಲ್ಲಿ ಜಪಾನೂ ಬೇಡ, ನೇಪಾಳವೂ ಬೇಡ.

ಕಾಗದಪತ್ರ, ದಾರಿ, ಬ್ಯಾಗು

ಗಡಿಯವರಾದ ನಮಗೆ ಇಲ್ಲಿ ಒಂದು ತೊಡಕು ಇದೆ. ಊರು, ನೆಂಟರು, ಡಾಕ್ಟರು, ವಿಮಾನ ನಿಲ್ದಾಣ ಎಲ್ಲ ಮಂಗಳೂರು, ಆದರೆ ಪಾಸ್‌ಪೋರ್ಟಿನ ವಿಳಾಸ ಕೇರಳದ್ದು. ಜಪಾನ್ ವೀಸಾಕ್ಕೆ ಮಂಗಳೂರಿನ ತಂಗಿಯ ಮನೆಯವರು ಬೆಂಗಳೂರಿನ ಕಾನ್ಸುಲೇಟಿನ ಕೆಳಗೆ ಬರುತ್ತಾರೆ, ನೀವು ಚೆನ್ನೈ ಕಾನ್ಸುಲೇಟಿನ ಕೆಳಗೆ. ಒಟ್ಟಿಗೆ ಅರ್ಜಿ ಹಾಕೋಣ ಅಂತ ಬೆಂಗಳೂರಿಗೆ ಬಸ್ ಹತ್ತುವ ಮುಂಚೆ ಇದನ್ನು ನೋಡಿಕೊಳ್ಳಿ. ಷೆಂಗೆನ್‌ಗೆ ಬೆರಳಚ್ಚು ಕೊಡಲು ನಮಗೆ ಸುಲಭ ಕೊಚ್ಚಿ, ರಾತ್ರಿ ರೈಲಿಗೆ ಹೋಗಿ ಮರುದಿನ ವಾಪಸ್. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಲು ಬಿಡುತ್ತಾರೆ. ಏಪ್ರಿಲ್ ಪ್ರವಾಸಕ್ಕೆ ಡಿಸೆಂಬರ್-ಜನವರಿಯಲ್ಲೇ ಹಾಕಿ, ಆಮೇಲೆ ಬೇಸಿಗೆಯ ಜನ ಮುಗಿಬೀಳುತ್ತಾರೆ.

ನಮ್ಮ ಕಾಗದಗಳು ಹೆಚ್ಚಿನವು ಮಲಯಾಳದಲ್ಲಿ. ಜನನ ಪತ್ರ, ಜಾಗದ ದಾಖಲೆ, ತೀರ್ವೆ ರಶೀದಿ ಕೊಡುವುದಾದರೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿಡಿ. ಕೃಷಿಕರಿಗೆ ಸಂಬಳದ ಚೀಟಿ ಇರುವುದಿಲ್ಲ, ಅದಕ್ಕೆ ಹೆದರಬೇಕಾಗಿಲ್ಲ. ಅಡಿಕೆ ಕೊಟ್ಟ ಬಿಲ್ಲುಗಳು, ದುಡ್ಡು ಜಮೆಯಾದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ ಇದ್ದರೆ ಅದು. ಅರ್ಜಿಗೆ ಎರಡು ದಿನ ಮುಂಚೆ ಯಾರದೋ ಕೈಯಿಂದ ಲಕ್ಷಗಟ್ಟಲೆ ಖಾತೆಗೆ ಹಾಕಿಸಬೇಡಿ, ಅದೇ ಸಂಶಯಕ್ಕೆ ದಾರಿ. ಹೆಸರಿಗೆ ಇನಿಶಿಯಲ್ ಮಾತ್ರ ಇರುವುದು, ಒಂದೇ ಹೆಸರು ಇರುವುದು ನಮ್ಮಲ್ಲಿ ಜಾಸ್ತಿ. ದುಬೈಯಲ್ಲಿ ಇಳಿದು ಅಣ್ಣನ ಮನೆಯಲ್ಲಿ ಎರಡು ದಿನ ಇದ್ದು ಮುಂದೆ ಹೋಗೋಣ ಅನ್ನುವವರು ಗಮನಿಸಿ: ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದನ್ನು ಯುಎಇ 2022ರ ನವೆಂಬರಿನಲ್ಲಿ ಬಿಗಿ ಮಾಡಿದೆ.

ತಾಷ್ಕೆಂಟಿಗೂ ಕಠ್ಮಂಡುವಿಗೂ ದಿಲ್ಲಿಯಿಂದ ಹೊರಡಬಹುದು. ಹೊತ್ತಿದ್ದವರು ದಿಲ್ಲಿಗೆ ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಬಹುದು, ಎರಡು ರಾತ್ರಿಯ ದಾರಿ. ರೈಲು ತಡವಾಗುವುದುಂಟು, ಹಾಗಾಗಿ ವಿಮಾನ ಮರುದಿನಕ್ಕೆ ಇಟ್ಟುಕೊಳ್ಳಿ.

ಬ್ಯಾಗಿನಲ್ಲಿ ಏನು ಬೇಡ ಅಂದರೆ, ಕೊಪ್ಪರ. ಒಣ ತೆಂಗಿನಕಾಯಿಗೆ ಬೆಂಕಿ ಹಿಡಿಯುವ ಸಾಧ್ಯತೆ ಇದೆ ಅಂತ ವಿಮಾನಕ್ಕೆ ಬಿಡುವುದಿಲ್ಲ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ. ಯೂರೋಪಿಗೆ ತುಪ್ಪ, ಪೇಡ, ಹಾಲಿನ ಯಾವ ತಿಂಡಿಯೂ ಒಯ್ಯುವಂತಿಲ್ಲ, ಮಾಂಸದ್ದೂ ಇಲ್ಲ. ಕರಿಬೇವಿನ ಸೊಪ್ಪನ್ನು ಸರ್ಟಿಫಿಕೇಟ್ ಇಲ್ಲದೆ ಯೂರೋಪಿಗೂ ಜಪಾನಿಗೂ ಬಿಡುವುದಿಲ್ಲ. ಬಾಳೆಹಣ್ಣು, ಅನಾನಸು, ಹಸಿ ತೆಂಗಿನಕಾಯಿಗೆ ಯೂರೋಪಿನಲ್ಲಿ ವಿನಾಯಿತಿ ಇದೆ, ಜಪಾನಿಗೆ ಯಾವ ಹಣ್ಣೂ ಬೇಡ. ಹಲಸಿನ ಹಪ್ಪಳ, ಅವಲಕ್ಕಿ, ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ.

ಹಾಲೆಂಡಿಗೆ ಹೋಗುವವರು ಇನ್ನೊಂದು ದಿನಾಂಕ ಬರೆದಿಟ್ಟುಕೊಳ್ಳಿ. ಮಾರ್ಚ್ ಕೊನೆಯ ಭಾನುವಾರ ಯೂರೋಪಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ರಾತ್ರಿ ಎರಡು ಗಂಟೆಗೆ ನೇರ ಮೂರು. ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ, ಅಪ್ಪನ ಕೈಗಡಿಯಾರ ಬದಲಾಯಿಸಿಕೊಳ್ಳುವುದಿಲ್ಲ. 2027ರಲ್ಲಿ ಅದು ಮಾರ್ಚ್ 28, ಅವತ್ತೇ ಈಸ್ಟರ್ ಕೂಡ. ಮರುದಿನ ಸೋಮವಾರವೂ ರಜೆ, ಹಲವು ಅಂಗಡಿಗಳು ಮುಚ್ಚಿರುತ್ತವೆ. ಬೆಳಗಿನ ವಿಮಾನ, ರೈಲು ಆ ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ, ಎರಡು ದಿನಕ್ಕೆ ಬೇಕಾದ ಹಾಲು, ಬ್ರೆಡ್ಡು, ತರಕಾರಿ ಶನಿವಾರವೇ ತಂದಿಟ್ಟುಕೊಳ್ಳಿ.